ಗುಂಪು ಚರ್ಚೆ ಸಂತೆಯಾಗದಿರಲು: ಶಿಕ್ಷಕರ, ಪೋಷಕರ ಪ್ರಶ್ನೆಗಳಿಗೆ ಉತ್ತರ

ತರಗತಿಯಲ್ಲಿ ಗುಂಪು ಚರ್ಚೆಯ ಮೂಲಕ ಪಾಠ ಮಾಡುವ ಬಗ್ಗೆ ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳ ಓದುಗರು ಬರೆದು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಹೆಚ್ಚು ಮಂದಿಗೆ ಉಪಯೋಗವಾಗುವಂಥವನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿಯಲ್ಲಿ 52 ಮಕ್ಕಳು, 13 ಬೆಂಚು, 40 ನಿಮಿಷದ ಪೀರಿಯಡ್. ಸಮಾಜ ವಿಜ್ಞಾನದಲ್ಲಿ ಗುಂಪು ಚರ್ಚೆ ಕೊಟ್ಟರೆ ಐದೇ ನಿಮಿಷಕ್ಕೆ ಸಂತೆಯಾಗುತ್ತದೆ. ಪಕ್ಕದ ತರಗತಿಯ ಟೀಚರ್ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಬೆಂಚು ಸರಿಸಲು ಜಾಗವೂ ಇಲ್ಲ. ಇಷ್ಟು ದೊಡ್ಡ ತರಗತಿಯಲ್ಲಿ ಇದು ಆಗುವ ಮಾತೇ?
– ಶಿಕ್ಷಕಿ, ಯಶವಂತಪುರ

ಉತ್ತರ: ಆಗುತ್ತದೆ ಮೇಡಂ. ಮಕ್ಕಳ ಸಂಖ್ಯೆಗಿಂತ ಹೆಚ್ಚಾಗಿ ಎರಡು ವಿಷಯಗಳು ಗದ್ದಲಕ್ಕೆ ಕಾರಣವಾಗುತ್ತವೆ: ಉತ್ತರಿಸಲು ಏನೂ ಹಿಡಿತ ಸಿಗದ ಪ್ರಶ್ನೆ, ಮತ್ತು ಯೋಚಿಸಲು ಹೊತ್ತು ಕೊಡದೆ ನೇರ ಮಾತಿಗೆ ಬಿಡುವುದು.

ಮೊದಲು ಪ್ರಶ್ನೆಯನ್ನೇ ನೋಡೋಣ. ‘ನೀರಿನ ಮಹತ್ವವನ್ನು ಚರ್ಚಿಸಿ’ ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳಿಗೆ ಮಾಡಲು ಕೆಲಸವೇ ಇರುವುದಿಲ್ಲ. ನೀರು ಮುಖ್ಯ ಎನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಹಾಗಾಗಿ ಒಂದು ನಿಮಿಷದಲ್ಲಿ ಮಾತು ಕ್ರಿಕೆಟ್ಟಿನ ಕಡೆ ಹೊರಳುತ್ತದೆ. ಅದರ ಬದಲು ಹೀಗೆ ಕೇಳಿ: ‘30×40 ಸೈಟಿನ ಮನೆ. ನಲ್ಲಿಯಲ್ಲಿ ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬರುತ್ತದೆ. ಕೈಯಲ್ಲಿರುವ ಹಣ ಒಂದಕ್ಕೆ ಮಾತ್ರ ಸಾಲುತ್ತದೆ: ಹೊಸ ಬೋರ್‌ವೆಲ್, ಮಳೆನೀರಿನ ತೊಟ್ಟಿ, ಅಥವಾ ವರ್ಷವಿಡೀ ಟ್ಯಾಂಕರ್. ಒಂದನ್ನು ಆರಿಸಿ. ಉಳಿದೆರಡನ್ನು ಯಾಕೆ ಬಿಟ್ಟಿರಿ ಎನ್ನುವುದಕ್ಕೆ ಒಂದೊಂದು ಕಾರಣ ಕೊಡಿ.’ ಇಲ್ಲಿ ಆರಿಸಲೇಬೇಕು, ಕಾರಣ ಹೇಳಲೇಬೇಕು, ಪಕ್ಕದವನು ಬೇರೆಯದನ್ನು ಆರಿಸಿರುವ ಸಾಧ್ಯತೆಯೂ ಇದೆ.

ಇದರ ಜೊತೆಗೆ ನಾಲ್ಕೈದು ಸಾಲಿನ ಮಾಹಿತಿ ಕೊಡಿ, ಇಲ್ಲದಿದ್ದರೆ ಚರ್ಚೆ ಬರೀ ಊಹೆಯಾಗುತ್ತದೆ. ಉದಾಹರಣೆಗೆ, ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿ.ಮೀ. ಮಳೆ ಬೀಳುತ್ತದೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್. 100 ಚದರ ಮೀಟರ್ ತಾರಸಿಗೆ 97,000 ಲೀಟರ್ ಆಯಿತು. ಶೇ 20ರಷ್ಟು ಸೋರಿ, ಆವಿಯಾಗಿ ಹೋದರೂ 77,600 ಲೀಟರ್ ಉಳಿಯುತ್ತದೆ. ಈ ಲೆಕ್ಕವನ್ನು ಮಕ್ಕಳೇ ಮಾಡಲಿ. ಲೆಕ್ಕ ಸಿಕ್ಕ ಗುಂಪಿನ ಮಾತಿಗೂ ಸಿಗದ ಗುಂಪಿನ ಮಾತಿಗೂ ಇರುವ ವ್ಯತ್ಯಾಸ ನಿಮಗೇ ಕೇಳಿಸುತ್ತದೆ. ‘ಆದರೆ ಮಳೆ ಬೇಸಿಗೆಯಲ್ಲಿ ಬರಲ್ಲವಲ್ಲ, ತೊಟ್ಟಿ ಎಷ್ಟು ದೊಡ್ಡದಿರಬೇಕು?’ ಎಂದು ಒಂದು ಮಗು ಕೇಳಿದರೆ ಚರ್ಚೆ ದಾರಿಗೆ ಬಂತು ಎಂದೇ ಅರ್ಥ.

ಬೆಂಚು ಸರಿಸಬೇಕಿಲ್ಲ. ನಾಲ್ವರು ಕೂರುವ ಬೆಂಚಿನಲ್ಲಿ ಎಡಗಡೆಯ ಇಬ್ಬರು ಹಿಂದಿನ ಬೆಂಚಿನ ಎಡಗಡೆಯ ಇಬ್ಬರ ಕಡೆ ತಿರುಗಲಿ, ಬಲಗಡೆಯ ಇಬ್ಬರು ಬಲಗಡೆಯವರ ಕಡೆ. ಎರಡು ಬೆಂಚಿಗೆ ನಾಲ್ವರ ಎರಡು ಗುಂಪು. 12 ಬೆಂಚಿಗೆ 12 ಗುಂಪಾದವು, ಉಳಿದ ಒಂದು ಬೆಂಚಿನವರು 13ನೆಯದು. ಅವರಲ್ಲಿ ಇಬ್ಬರು ಎದ್ದು ಡೆಸ್ಕಿನ ಆಚೆ ನಿಲ್ಲಬೇಕು. ಬೆನ್ನಾಸರೆ ಇರುವ, ನೆಲಕ್ಕೆ ಬಿಗಿದ ಬೆಂಚಾದರೆ ಮುಂದಿನ ಇಬ್ಬರು ತಿರುಗಿ ನಿಂತುಕೊಂಡೇ ಮಾತಾಡಲಿ. ಎಂಟು ನಿಮಿಷ ನಿಲ್ಲುವುದು ಮಕ್ಕಳಿಗೆ ಕಷ್ಟವಲ್ಲ. ಗುಂಪಿನಲ್ಲಿ ಐದಕ್ಕಿಂತ ಹೆಚ್ಚು ಮಂದಿ ಬೇಡವೇ ಬೇಡ. ಆರು ಜನರಾದರೆ ಅಂಚಿನಲ್ಲಿರುವವರಿಗೆ ಕೇಳಿಸುವುದಿಲ್ಲ, ಕೇಳಿಸಲೆಂದು ಉಳಿದವರು ದನಿ ಏರಿಸುತ್ತಾರೆ, ಅದನ್ನು ಮೀರಿಸಲು ಪಕ್ಕದ ಗುಂಪು ಇನ್ನಷ್ಟು ಏರಿಸುತ್ತದೆ. ನಿಮ್ಮ ಗದ್ದಲದ ಅರ್ಧ ಭಾಗ ಇಲ್ಲಿಂದಲೇ ಹುಟ್ಟುತ್ತಿರಬಹುದು.

ಇನ್ನು ನಿಮಿಷಗಳ ಹಂಚಿಕೆ. ಪ್ರಶ್ನೆ ಓದಿ, ಅರ್ಥವಾಯಿತೇ ಎಂದು ಒಬ್ಬರ ಬಾಯಿಂದ ಹೇಳಿಸಲು 3 ನಿಮಿಷ. ಆಮೇಲೆ 2 ನಿಮಿಷ ಪೂರ್ತಿ ಮೌನ: ಪ್ರತಿಯೊಬ್ಬರೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಮ್ಮ ಆಯ್ಕೆ ಮತ್ತು ಒಂದು ಕಾರಣ ಬರೆಯಬೇಕು. ಪಕ್ಕದವರ ಜೊತೆ ಜೋಡಿಯಾಗಿ 3 ನಿಮಿಷ. ತಿರುಗಿ ಕೂರಲು 2. ನಾಲ್ವರ ಚರ್ಚೆ 8 ನಿಮಿಷ, ಕೊನೆಗೆ ಒಂದು ಹಾಳೆಯಲ್ಲಿ ಒಂದು ತೀರ್ಮಾನ, ಎರಡು ಕಾರಣ. ವರದಿಗೆ 10, ನೀವು ಬೋರ್ಡಿನ ಮೇಲೆ ಒಟ್ಟುಮಾಡಲು 8, ಕಡೆಯ 4 ನಿಮಿಷ ಮತ್ತೆ ಒಬ್ಬೊಬ್ಬರೇ ಎರಡು ವಾಕ್ಯ ಬರೆಯಲು. ಒಟ್ಟು 40 ಆಯಿತು.

ಇದರಲ್ಲಿ ಹೊತ್ತಿಲ್ಲವೆಂದು ಯಾವುದನ್ನಾದರೂ ಬಿಡಬೇಕಾಗಿ ಬಂದರೆ ಮೌನದ ಆ 2 ನಿಮಿಷವನ್ನು ಮಾತ್ರ ಬಿಡಬೇಡಿ. ಒಂಟಿಯಾಗಿ ಯೋಚಿಸಿ, ಜೋಡಿಯಲ್ಲಿ ಹೇಳಿ, ಆಮೇಲೆ ಎಲ್ಲರೆದುರು ಇಡುವ ಈ ಕ್ರಮವನ್ನು 1981ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರಾಂಕ್ ಲೈಮನ್ ರೂಪಿಸಿದರು. ಕಾಗದದ ಮೇಲೆ ಏನಾದರೂ ಇದ್ದ ಮಗು ಅದನ್ನು ಓದಿಯಾದರೂ ಹೇಳುತ್ತದೆ. ಏನೂ ಇಲ್ಲದ ಮಗು ಮೊದಲು ಬಾಯಿ ತೆರೆದವನಿಗೆ ‘ಹೌದು ಹೌದು’ ಎನ್ನುತ್ತದೆ.

ವರದಿ ಮಾಡುವಾಗ 13 ಗುಂಪನ್ನೂ ಎಬ್ಬಿಸಬೇಡಿ. ನಾಲ್ಕನೆಯ ಗುಂಪು ಹೇಳುವಷ್ಟರಲ್ಲಿ ಎಲ್ಲರಿಗೂ ಬೇಸರ ಹಿಡಿದಿರುತ್ತದೆ. ನಾಲ್ವರು ಮಾತಾಡುತ್ತಿರುವಾಗ ನೀವು ಸುತ್ತುತ್ತೀರಲ್ಲ, ಆಗಲೇ ಬೇರೆ ಬೇರೆ ತೀರ್ಮಾನಕ್ಕೆ ಬಂದ ನಾಲ್ಕು ಗುಂಪನ್ನು ಗುರುತು ಹಾಕಿಕೊಳ್ಳಿ. ಅವರಿಗೆ ತಲಾ 2 ನಿಮಿಷ. ಉಳಿದವರು ಇನ್ನೂ ಬಾರದ ಹೊಸ ಕಾರಣವಿದ್ದರೆ ಮಾತ್ರ ಕೈ ಎತ್ತಲಿ. ಮೊದಲ ಸುತ್ತಿನಲ್ಲಿ ನೀವು ಯಾವ ಗುಂಪಿನಲ್ಲೂ ಬಾಯಿ ಹಾಕಬೇಡಿ. ಟೀಚರ್ ಬಗ್ಗಿ ಒಂದು ಮಾತು ಹೇಳಿದ ತಕ್ಷಣ ಆ ನಾಲ್ವರೂ ನಿಮ್ಮ ಮುಖ ನೋಡತೊಡಗುತ್ತಾರೆ, ಅವರವರ ಮಾತು ಅಲ್ಲಿಗೇ ನಿಲ್ಲುತ್ತದೆ.

ನಿಲ್ಲಿಸುವ ಸಂಕೇತವನ್ನು ಮೊದಲೇ ಕಲಿಸಿಡಿ. ನೀವು ಕೈ ಎತ್ತಿದರೆ, ಕಂಡವರೆಲ್ಲ ಮಾತು ನಿಲ್ಲಿಸಿ ತಾವೂ ಕೈ ಎತ್ತಬೇಕು. ಪಾಠವಿಲ್ಲದೆ ಬರೀ ಇದನ್ನೇ ಮೂರು ನಾಲ್ಕು ಸಲ ಅಭ್ಯಾಸ ಮಾಡಿಸಿದರೆ ಡಸ್ಟರ್ ಬಡಿಯುವ ಕೆಲಸ ತಪ್ಪುತ್ತದೆ. ಪಕ್ಕದ ತರಗತಿಯವರಿಗೆ ಆ ಪೀರಿಯಡ್ ಯಾವಾಗೆಂದು ಮುಂಚೆಯೇ ತಿಳಿಸಿ. ಗುಂಪಿನೊಳಗಿನವರಿಗಷ್ಟೇ ಕೇಳುವ ದನಿಯಲ್ಲಿ 52 ಮಕ್ಕಳು ಮಾತಾಡಿದರೂ ಒಂದಷ್ಟು ಸದ್ದು ಇದ್ದೇ ಇರುತ್ತದೆ, ಅದಕ್ಕೆ ಸಂಕೋಚಪಡಬೇಕಿಲ್ಲ.

ಪ್ರಶ್ನೆ: ಯಾವ ಗುಂಪು ಮಾಡಿದರೂ ಅದೇ ಮೂರ್ನಾಲ್ಕು ಮಕ್ಕಳು ಮಾತಾಡುತ್ತಾರೆ, ಮಿಕ್ಕವರು ತಲೆ ತಗ್ಗಿಸಿ ಕೂರುತ್ತಾರೆ. ನಮ್ಮದು ಇಂಗ್ಲಿಷ್ ಮಾಧ್ಯಮ. ಮನೆಯಲ್ಲಿ ಕೆಲವರದು ಕನ್ನಡ, ಕೆಲವರದು ತೆಲುಗು, ತಮಿಳು, ಉರ್ದು, ಹಿಂದಿ. ಇಂಗ್ಲಿಷಿನಲ್ಲೇ ಮಾತಾಡಿ ಎಂದು ಹೇಳಿದ್ದರಿಂದ ಹೀಗಾಗುತ್ತಿದೆಯೇ?
– ಶಿಕ್ಷಕ, ಕೆ.ಆರ್. ಪುರಂ

ಉತ್ತರ: ಬಹುಪಾಲು ಅದೇ ಕಾರಣ ಸರ್. ಹೊಸ ವಿಷಯವನ್ನು ಯೋಚಿಸುವುದು, ಅದಕ್ಕೆ ಇಂಗ್ಲಿಷ್ ಹುಡುಕುವುದು, ನಾಲ್ವರೆದುರು ಹೇಳುವುದು – ಮೂರು ಭಾರವನ್ನು ಒಟ್ಟಿಗೆ ಹೊರಿಸಿದರೆ ಇಂಗ್ಲಿಷ್ ಚೆನ್ನಾಗಿ ಬರುವವರು ಮಾತ್ರ ಉಳಿಯುತ್ತಾರೆ. ಜೋಡಿ ಮಾತು ಯಾವ ಭಾಷೆಯಲ್ಲಾದರೂ ನಡೆಯಲಿ, ಬೇಕೆಂದೇ ಒಂದೇ ಮನೆಮಾತಿನ ಇಬ್ಬರನ್ನು ಜೊತೆಗೆ ಕೂರಿಸಿ. ನಾಲ್ವರ ಗುಂಪಿನಲ್ಲಿ ಬೆರಕೆ ಭಾಷೆ ಇರಲಿ. ಹಾಳೆಯ ಮೇಲೆ ಬರೆಯುವುದು ಮತ್ತು ಎದ್ದು ವರದಿ ಮಾಡುವುದು ಇಂಗ್ಲಿಷಿನಲ್ಲಿ. ಅದಕ್ಕೂ ಬೋರ್ಡಿನ ಮೂಲೆಯಲ್ಲಿ ‘ಐ ಥಿಂಕ್… ಬಿಕಾಸ್…’, ‘ಐ ಡಿಸಗ್ರೀ ವಿತ್… ಬಿಕಾಸ್…’ ಎಂಬ ಎರಡು ಆರಂಭಗಳನ್ನು ಬರೆದಿಡಿ. ಮಕ್ಕಳು ಮಧ್ಯದ ಜಾಗ ತುಂಬಿದರೆ ಸಾಕು.

ಎರಡನೆಯ ಕಾರಣ ನಮ್ಮ ಆತುರ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕನ್ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಿಕೆ ಕೇಳಿ ನೋಡಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಸುಮಾರು ಒಂದೇ ಸೆಕೆಂಡ್ ಎಂದು ತಿಳಿಯಿತು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡತೊಡಗಿದರು, ಮಕ್ಕಳು ತಾವೇ ಪ್ರಶ್ನೆ ಕೇಳುವುದೂ ಹೆಚ್ಚಿತು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಒಂದರಿಂದ ಐದರವರೆಗೆ ಎಣಿಸಿ. ಒಬ್ಬರು ಉತ್ತರಿಸಿದ ಮೇಲೂ ಮತ್ತೆ ಮೂರು ಎಣಿಸಿ; ಎರಡನೆಯ ಮಗುವಿನ ಮಾತು ಹೊರಬರುವುದು ಈ ಖಾಲಿ ಜಾಗದಲ್ಲೇ.

ಮಾತು ಒಬ್ಬರ ಕೈಯಲ್ಲೇ ಉಳಿಯದಿರಲು ಹುಣಸೆ ಬೀಜ ಬಳಸಬಹುದು. ಪ್ರತಿ ಮಗುವಿಗೂ ಮೂರು ಬೀಜ. ಮಾತಾಡಿದಾಗಲೆಲ್ಲ ಒಂದನ್ನು ನಡುವೆ ಇಡಬೇಕು. ಮೂರೂ ಮುಗಿದವರು ಉಳಿದವರ ಬೀಜ ಮುಗಿಯುವವರೆಗೆ ಪ್ರಶ್ನೆ ಕೇಳಬಹುದೇ ಹೊರತು ಹೇಳಿಕೆ ಕೊಡುವಂತಿಲ್ಲ. ಮೊದಲ ನಾಲ್ಕೈದು ಚರ್ಚೆಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಆಮೇಲೆ ಮಕ್ಕಳು ಬೀಜ ಖಾಲಿ ಮಾಡಲೆಂದೇ ‘ನಾನೂ ಒಪ್ಪುತ್ತೇನೆ’ ಎನ್ನತೊಡಗುತ್ತಾರೆ. ಆ ಮಾತು ಕಿವಿಗೆ ಬಿದ್ದ ವಾರವೇ ಬೀಜ ನಿಲ್ಲಿಸಿ.

ನಾಯಕ, ಬರಹಗಾರ, ವರದಿಗಾರ ಎಂದು ಪಾತ್ರ ಹಂಚುವ ರೂಢಿ ಇದೆ. ಅದರಲ್ಲಿ ನಮಗೆ ಕಾಣುವ ತೊಂದರೆ: ಅಕ್ಷರ ಚೆಂದವಿರುವ ಹುಡುಗಿ ವರ್ಷವಿಡೀ ಬರಹಗಾರ್ತಿಯಾಗಿಯೇ ಉಳಿಯುತ್ತಾಳೆ, ಬರೆಯುವವಳಿಗೆ ಮಾತಾಡಲು ಹೊತ್ತಿಲ್ಲ. ಪಾತ್ರ ಪ್ರತಿಸಲವೂ ಬದಲಾಗಬೇಕು. ವರದಿಗಾರ ಯಾರೆಂದು ಮಾತ್ರ ಮೊದಲೇ ಹೇಳಬೇಡಿ. ಗುಂಪಿನಲ್ಲಿ 1ರಿಂದ 4ರ ಸಂಖ್ಯೆ ಕೊಟ್ಟು, ಚರ್ಚೆ ಮುಗಿದ ಮೇಲೆ ‘ಇವತ್ತು 3ನೇ ಸಂಖ್ಯೆಯವರು’ ಎನ್ನಿ. ಯಾರು ಏಳಬೇಕಾಗುತ್ತದೋ ಗೊತ್ತಿಲ್ಲದ್ದರಿಂದ ನಾಲ್ವರೂ ಪರಸ್ಪರ ಹೇಳಿಕೊಟ್ಟಿರುತ್ತಾರೆ.

ಪ್ರಶ್ನೆ: ಜಿಗ್ಸಾ ವಿಧಾನವನ್ನು ಬಿ.ಎಡ್.ನಲ್ಲಿ ಓದಿದ್ದೇನೆ, ಆದರೆ 48 ಮಕ್ಕಳಿಗೆ ಹೇಗೆ ಹೊಂದಿಸುವುದೆಂದು ಗೊತ್ತಾಗುತ್ತಿಲ್ಲ. ಒಂದು ಪಾಠವನ್ನೇ ಇಟ್ಟುಕೊಂಡು ವಿವರಿಸುತ್ತೀರಾ?
– ಅನುದಾನಿತ ಶಾಲೆಯ ಶಿಕ್ಷಕಿ, ರಾಜಾಜಿನಗರ

ಉತ್ತರ: ಪಾಠವನ್ನು ಭಾಗ ಮಾಡಿ ಹಂಚಿ, ಒಂದೊಂದು ಭಾಗ ಕಲಿತವರು ಗುಂಪಿನ ಉಳಿದವರಿಗೆ ಅದನ್ನು ಕಲಿಸುವುದೇ ಜಿಗ್ಸಾ. ‘ಬೆಂಗಳೂರಿಗೆ ನೀರು ಎಲ್ಲಿಂದ?’ ಎಂಬ ವಿಷಯವನ್ನೇ ತೆಗೆದುಕೊಳ್ಳೋಣ, ನಾಲ್ಕಾಗಿ ಸಲೀಸಾಗಿ ಒಡೆಯುತ್ತದೆ.

ಮೊದಲ ಚೀಟಿ ಅರ್ಕಾವತಿ: 1890ರ ದಶಕದಲ್ಲಿ ಹೆಸರಘಟ್ಟದಿಂದ ಬಂದ ನೀರು, 1933ರ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ. ಎರಡನೆಯದು ಕಾವೇರಿ: 1974ರ ಮೊದಲ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್, 2024ರ ಅಕ್ಟೋಬರಿನಲ್ಲಿ ಚಾಲೂ ಆದ ಐದನೇ ಹಂತದಲ್ಲಿ 77.5 ಕೋಟಿ ಲೀಟರ್. ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಬೇಕಾಗುವುದು. ಮೂರನೆಯದು ಬೋರ್‌ವೆಲ್ ಮತ್ತು ಟ್ಯಾಂಕರ್: 2024ರ ಬೇಸಿಗೆಯಲ್ಲಿ ಯಾಕೆ ಬತ್ತಿದವು, ಕೆರೆಗೂ ಅಂತರ್ಜಲಕ್ಕೂ ಏನು ನಂಟು. ನಾಲ್ಕನೆಯದು ಮಳೆನೀರು ಮತ್ತು ಸಂಸ್ಕರಿಸಿದ ನೀರು: 2009ರಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದದ್ದು, ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿರುವುದು. ಪ್ರತಿ ಚೀಟಿಯಲ್ಲೂ 150 ಪದ ಮೀರಬಾರದು, ಕೊನೆಗೆ ಎರಡು ಪ್ರಶ್ನೆ ಇರಬೇಕು.

48 ಮಕ್ಕಳಿಗೆ ನಾಲ್ವರಂತೆ 12 ಮನೆಗುಂಪು. ಪ್ರತಿಯೊಂದರಲ್ಲೂ ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಈಗ ಒಂದೇ ಚೀಟಿ ಸಿಕ್ಕವರು ಒಂದೆಡೆ ಸೇರಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು. ಒಂದು ಚೀಟಿಗೆ 12 ಮಕ್ಕಳಾಗುತ್ತಾರೆ, 12 ಮಂದಿಯ ಗುಂಪಿನಲ್ಲಿ ಚರ್ಚೆ ನಡೆಯುವುದಿಲ್ಲ. ಆ ಹನ್ನೆರಡನ್ನು ಮೂರಾಗಿ ಒಡೆದು ನಾಲ್ವರ ಮೂರು ತಜ್ಞರ ಗುಂಪು ಮಾಡಿ. ಹೀಗೆ ಒಟ್ಟು 12 ತಜ್ಞರ ಗುಂಪು. ಚೀಟಿಗಳನ್ನು ನಾಲ್ಕು ಬಣ್ಣದ ಕಾಗದದಲ್ಲಿ ಜೆರಾಕ್ಸ್ ಮಾಡಿಸಿ, ಮೂಲೆಯಲ್ಲಿ ಅ, ಆ, ಇ ಎಂದು ಬರೆದಿಟ್ಟರೆ ‘ನೀಲಿ ಅ ಕಿಟಕಿಯ ಹತ್ತಿರ’ ಎಂದು ಹೇಳಿ ಮುಗಿಸಬಹುದು. ಮೂವರು ಗೈರಾಗಿ 45 ಮಕ್ಕಳಷ್ಟೇ ಇದ್ದರೆ 11 ಗುಂಪು ಮಾಡಿ, ಉಳಿದ ಒಬ್ಬರನ್ನು ಒಂದು ಗುಂಪಿಗೆ ಸೇರಿಸಿ, ಅಲ್ಲಿ ಒಂದು ಚೀಟಿಗೆ ಇಬ್ಬರು ತಜ್ಞರಿರಲಿ. ಓದಲು ತಡವರಿಸುವ ಮಗುವಿದ್ದರೆ ಹೀಗೆ ಇಬ್ಬರಾಗುವ ಜಾಗದಲ್ಲೇ ಇಡಿ.

ಎರಡು ಪೀರಿಯಡ್ ಬೇಕು, ಒಂದರಲ್ಲಿ ತುರುಕಬೇಡಿ. ಮೊದಲ ದಿನ ಗುಂಪು ಹಂಚಲು 5 ನಿಮಿಷ, ತಜ್ಞರ ಗುಂಪಿನಲ್ಲಿ ಒಬ್ಬೊಬ್ಬರೇ ಓದಲು 8, ಐದು ಮುಖ್ಯ ಅಂಶಗಳ ಮೇಲೆ ಒಮ್ಮತಕ್ಕೆ ಬರಲು 15, ಮನೆಗುಂಪಿಗೆ ಹೇಗೆ ಹೇಳುವುದೆಂದು ಜೋಡಿಯಲ್ಲಿ ಹೇಳಿ ನೋಡಲು 10. ಆ ಐದು ಅಂಶಗಳನ್ನು ನೀವು ಅಂದೇ ನೋಡಲೇಬೇಕು. ತಜ್ಞರ ಗುಂಪಿನಲ್ಲಿ ತಪ್ಪು ಕೂತರೆ ಅದು ಮರುದಿನ ನಾಲ್ಕು ಮನೆಗುಂಪಿಗೆ ಹರಡುತ್ತದೆ. ಎರಡನೆಯ ದಿನ ಮನೆಗುಂಪಿನಲ್ಲಿ ಒಬ್ಬೊಬ್ಬರಿಗೆ 5 ನಿಮಿಷದಂತೆ 20, ನಿಮ್ಮ ವಿವರಣೆಗೆ 10, ನಾಲ್ಕೂ ಭಾಗದ ಮೇಲೆ ಒಬ್ಬೊಬ್ಬರೇ ಬರೆಯುವ ಕಿರುಪರೀಕ್ಷೆಗೆ 8.

ಕೆಡುವುದು ಹೇಗೆಂದರೆ, ಪಾಠ ಹೇಳಬೇಕಾದವರು ಚೀಟಿಯನ್ನೇ ಗಟ್ಟಿಯಾಗಿ ಓದಿಬಿಡುತ್ತಾರೆ, ಅಥವಾ ಕೇಳುವವರು ಅದನ್ನು ಇಸಿದುಕೊಂಡು ನಕಲು ಮಾಡುತ್ತಾರೆ. ಎರಡನೆಯ ದಿನ ಚೀಟಿಗಳನ್ನು ವಾಪಸ್ ಪಡೆದು, ಐದು ಅಂಶಗಳ ಸಣ್ಣ ಟಿಪ್ಪಣಿ ಮಾತ್ರ ಕೈಯಲ್ಲಿರಲು ಬಿಡಿ. ಕೇಳುವ ಪ್ರತಿಯೊಬ್ಬರೂ ಕಡೆಗೆ ಒಂದು ಪ್ರಶ್ನೆ ಕೇಳಲೇಬೇಕೆಂದು ಹೇಳಿ.

ಈ ವಿಧಾನ ಹುಟ್ಟಿದ್ದು 1971ರಲ್ಲಿ, ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ. ಅಲ್ಲಿನ ಶಾಲೆಗಳಲ್ಲಿ ಬಿಳಿಯರ, ಕರಿಯರ, ಮೆಕ್ಸಿಕನ್ ಮೂಲದವರ ಮಕ್ಕಳು ಮೊದಲ ಬಾರಿಗೆ ಒಟ್ಟಿಗೆ ಕೂತಾಗ ಹಗೆ ಹೊಗೆಯಾಡುತ್ತಿತ್ತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು, ಒಬ್ಬರಿಗೊಬ್ಬರು ಬೇಕೇ ಬೇಕಾಗುವಂತೆ ಪಾಠವನ್ನು ಹಂಚಿದರು. ಆದ್ದರಿಂದ ಮನೆಗುಂಪು ಮಾಡುವಾಗ ಗೆಳೆಯ ಗೆಳತಿಯರನ್ನೇ ಕೂಡಿಸಬೇಡಿ. ಬೇರೆ ಬೇರೆ ಬೀದಿಯವರು, ಹುಡುಗರು, ಹುಡುಗಿಯರು, ಓದಿನಲ್ಲಿ ಮುಂದಿರುವವರು, ಹಿಂದಿರುವವರು ಬೆರೆಯಲಿ.

ಪ್ರಶ್ನೆ: ನಾನು ಪಿಯುಸಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಚರ್ಚೆಗೆ ಬಿಟ್ಟರೆ ಇಡೀ ಗುಂಪು ತಪ್ಪು ಉತ್ತರವನ್ನೇ ಗಟ್ಟಿಯಾಗಿ ನಂಬಿಕೊಂಡು ಬರುತ್ತದೆ. ವಿಜ್ಞಾನದಲ್ಲಿ ಚರ್ಚೆಯಿಂದ ಲಾಭವಿದೆಯೇ?
– ಉಪನ್ಯಾಸಕ, ಬಸವನಗುಡಿ

ಉತ್ತರ: ಇದೆ. ಆದರೆ ಚರ್ಚೆಯ ಮುಂಚೆ ಒಂದು, ಆಮೇಲೆ ಒಂದು ಮತ ತೆಗೆದುಕೊಳ್ಳಬೇಕು. ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಬೆಳೆಸಿದ ಕ್ರಮ ಇದು.

‘ನೇರ ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿರುವ ಕ್ಷಣದಲ್ಲಿ ಅದರ ವೇಗೋತ್ಕರ್ಷ ಎಷ್ಟು? 1) ಸೊನ್ನೆ. 2) ಕೆಳಮುಖವಾಗಿ 9.8 ಮೀ/ಸೆ². 3) ಮೇಲ್ಮುಖವಾಗಿ 9.8 ಮೀ/ಸೆ². 4) ಎಸೆದ ವೇಗವನ್ನು ಅವಲಂಬಿಸಿದೆ.’ ಒಂದು ನಿಮಿಷ ಮೌನ. ಆಮೇಲೆ ಕಣ್ಣು ಮುಚ್ಚಿ, ಎದೆಗೆ ಒತ್ತಿ ಹಿಡಿದ ಬೆರಳಿನಿಂದ ಸಂಖ್ಯೆ ತೋರಿಸಲಿ. ಕೈ ಮೇಲೆತ್ತಿಸಿದರೆ ಒಬ್ಬರನ್ನು ನೋಡಿ ಇನ್ನೊಬ್ಬರು ಬದಲಿಸುತ್ತಾರೆ. ಸರಿ ಉತ್ತರ ಶೇ 30ಕ್ಕಿಂತ ಕಡಿಮೆ ಇದ್ದರೆ ಚರ್ಚೆ ಬೇಡ, ಪರಿಕಲ್ಪನೆಯನ್ನೇ ಮತ್ತೆ ಹೇಳಿ. ನಿಮ್ಮ ತರಗತಿಯಲ್ಲಿ ಆಗುತ್ತಿರುವುದು ಬಹುಶಃ ಇದೇ. ಶೇ 70ಕ್ಕಿಂತ ಹೆಚ್ಚಿದ್ದರೆ ಎರಡು ಮಾತಿನಲ್ಲಿ ವಿವರಿಸಿ ಮುಂದೆ ಹೋಗಿ. ನಡುವೆ ಇದ್ದರೆ ಮಾತ್ರ ‘ಬೇರೆ ಉತ್ತರ ಕೊಟ್ಟವರನ್ನು ಹುಡುಕಿ ಒಪ್ಪಿಸಿ’ ಎಂದು 3 ನಿಮಿಷ ಬಿಟ್ಟು ಮತ್ತೆ ಮತ ತೆಗೆದುಕೊಳ್ಳಿ. ಮೊದಲ ಮತದ ಫಲಿತಾಂಶವನ್ನು ತೋರಿಸಬೇಡಿ. ಬಹುಮತ ಕಂಡರೆ ತರ್ಕ ನಿಲ್ಲುತ್ತದೆ.

ಈ ಪ್ರಶ್ನೆಗೆ ಸರಿ ಉತ್ತರ 2. ಸೊನ್ನೆ ಎನ್ನುವವರು ವೇಗವನ್ನೂ, ವೇಗ ಬದಲಾಗುವ ದರವಾದ ವೇಗೋತ್ಕರ್ಷವನ್ನೂ ಒಂದು ಮಾಡಿಕೊಂಡಿರುತ್ತಾರೆ. ‘ಸೊನ್ನೆಯಾಗಿದ್ದರೆ ಚೆಂಡು ಅಲ್ಲೇ ನಿಂತುಬಿಡಬೇಕಿತ್ತಲ್ಲ?’ ಎಂದು ಗೆಳೆಯ ಕೇಳಿದಾಗ ಆಗುವ ಅರಿವು ನೀವು ಸೂತ್ರ ಬರೆದಾಗ ಆಗುವುದಿಲ್ಲ. ಕೊಲರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರ ತರಗತಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗುಂಪಿನಲ್ಲಿ ಮೊದಲಿಗೆ ಯಾರಿಗೂ ಸರಿ ಉತ್ತರ ಗೊತ್ತಿಲ್ಲದಿದ್ದಾಗಲೂ ಚರ್ಚೆಯಿಂದ ವಿದ್ಯಾರ್ಥಿಗಳ ಉತ್ತರ ಸುಧಾರಿಸಬಹುದೆಂದು ತೋರಿಸಿದೆ. ಏನೇ ಆದರೂ ಪೀರಿಯಡ್ ಮುಗಿಯುವ ಮುನ್ನ ಸರಿ ಉತ್ತರವನ್ನು, ಪ್ರತಿ ತಪ್ಪು ಉತ್ತರ ಯಾಕೆ ತಪ್ಪು ಎನ್ನುವುದನ್ನೂ ನೀವು ಸ್ಪಷ್ಟವಾಗಿ ಹೇಳಲೇಬೇಕು. ‘ನೀವೇ ಯೋಚಿಸಿ’ ಎಂದು ಗಂಟೆ ಹೊಡೆದ ಮೇಲೆ ಹೊರಟುಬಿಡುವುದು ಅನ್ಯಾಯ.

ಪ್ರಶ್ನೆ: ಗುಂಪಿಗೆ ಒಂದೇ ಅಂಕ ಕೊಟ್ಟರೆ ಒಬ್ಬರು ದುಡಿಯುತ್ತಾರೆ, ಮೂವರು ಅಂಕ ಪಡೆಯುತ್ತಾರೆ. ಆಂತರಿಕ ಮೌಲ್ಯಮಾಪನಕ್ಕೆ ಚರ್ಚೆಯನ್ನು ಬಳಸುವುದು ಹೇಗೆ?
– ಶಿಕ್ಷಕ, ಪೀಣ್ಯ

ಉತ್ತರ: ಗುಂಪಿಗೆ ಅಂಕ ಕೊಡಲೇಬೇಡಿ. ಹಗ್ಗ ಎಳೆಯುವಾಗ ಜನ ಹೆಚ್ಚಿದಷ್ಟೂ ಒಬ್ಬೊಬ್ಬರು ಹಾಕುವ ಬಲ ಇಳಿಯುತ್ತದೆಂದು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ 1913ರಲ್ಲೇ ಬರೆದಿದ್ದರು. ಇನ್ನು ಕೂಗುವುದು, ಚಪ್ಪಾಳೆ ತಟ್ಟುವುದು ಇಂಥ ಪ್ರಯೋಗಗಳಲ್ಲೂ ಅಮೆರಿಕದ ಸಂಶೋಧಕರು ಇದನ್ನೇ ಕಂಡರು. ಒಬ್ಬೊಬ್ಬರ ಪಾಲು ಬೇರೆಯಾಗಿ ಗುರುತಾಗುತ್ತದೆ ಎಂದು ತಿಳಿದಾಗ ಮೈಗಳ್ಳತನ ಇಳಿಯಿತು ಎನ್ನುವುದು ನಿಮಗೆ ಬೇಕಾದ ಅಂಶ.

10 ಅಂಕದ ಚಟುವಟಿಕೆ ಎಂದುಕೊಳ್ಳಿ. ಚರ್ಚೆಗೆ ಮುಂಚೆ ಬರೆದದ್ದಕ್ಕೆ 2, ಅದರಲ್ಲಿ ಸರಿ ತಪ್ಪು ನೋಡಬೇಡಿ, ಕಾರಣವಿದೆಯೇ ಎಂದಷ್ಟೇ ನೋಡಿ. ಚರ್ಚೆಯಲ್ಲಿ ನೀವು ಗಮನಿಸಿದ್ದಕ್ಕೆ 3. ಕೊನೆಗೆ ಒಂಟಿಯಾಗಿ ಬರೆದದ್ದಕ್ಕೆ 5.

ಗಮನಿಸುವುದನ್ನು ಒಂದೇ ದಿನ ಎಲ್ಲರ ಮೇಲೂ ಮಾಡಲು ಹೋಗಬೇಡಿ. ಒಂದು ಪೀರಿಯಡ್‌ಗೆ ಮೂರು ಗುಂಪು ಸಾಕು. 13 ಗುಂಪುಗಳಿಗೆ ಐದು ಚರ್ಚೆ ಬೇಕಾಗುತ್ತದೆ. ಹೆಸರಿನ ಪಟ್ಟಿ ಹಿಡಿದು ಒಂದೊಂದೇ ಅಕ್ಷರ ಬರೆಯಿರಿ: ಕಾರಣ ಕೊಟ್ಟರೆ ‘ಕಾ’, ಪ್ರಶ್ನೆ ಕೇಳಿದರೆ ‘ಪ್ರ’, ಇನ್ನೊಬ್ಬರ ಮಾತಿಗೆ ಸೇರಿಸಿದರೆ ‘ಸೇ’, ಕಾರಣ ಕೇಳಿ ತಮ್ಮ ಅಭಿಪ್ರಾಯ ಬದಲಿಸಿದರೆ ‘ಬ’. ಎಷ್ಟು ಸಲ ಮಾತಾಡಿದರು ಎಂದು ಎಣಿಸಿದರೆ ಬಾಯಿಬಡುಕರಿಗೆ ಅಂಕ ಹೋಗುತ್ತದೆ. ‘ಬ’ ಎಂಬ ಗುರುತಿಗೆ ಅಂಕವಿದೆ ಎಂದು ಮಕ್ಕಳಿಗೆ ಮೊದಲೇ ಹೇಳಿ. ಮನಸ್ಸು ಬದಲಿಸಿದರೆ ಸೋತಂತೆ ಎಂಬ ಹಟ ಅದರಿಂದ ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ: ಕಾವೇರಿ ವಿವಾದ, ಮೀಸಲಾತಿ ಇಂಥ ವಿಷಯ ಬಂದಾಗ ತರಗತಿಯಲ್ಲಿ ಜಗಳವೇ ಆಗುತ್ತದೆ. ತಮಿಳು ಮನೆಮಾತಿನ ಮಕ್ಕಳನ್ನು ಉಳಿದವರು ಗುರಿ ಮಾಡುತ್ತಾರೆ. ಇವನ್ನು ಬಿಟ್ಟುಬಿಡುವುದೇ ಒಳ್ಳೆಯದಲ್ಲವೇ?
– ಶಿಕ್ಷಕಿ, ಹಲಸೂರು

ಉತ್ತರ: ಬಿಡಬೇಡಿ, ಆದರೆ ‘ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಬೇಡಿ. ಪಕ್ಷವನ್ನು ಚೀಟಿ ಎತ್ತಿ ಹಂಚಿ. ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್, ರೋಜರ್ ಜಾನ್ಸನ್ ಸಹೋದರರು ಬೆಳೆಸಿದ ಈ ಕ್ರಮದಲ್ಲಿ ನಾಲ್ವರ ಗುಂಪಿನ ಒಂದು ಜೋಡಿ ಮಂಡ್ಯದ ರೈತರ ಪರ, ಇನ್ನೊಂದು ಜೋಡಿ ತಂಜಾವೂರಿನ ರೈತರ ಪರ ವಾದಿಸುತ್ತದೆ. ತಯಾರಿಗೆ 8 ನಿಮಿಷ, ತಲಾ 3 ನಿಮಿಷ ವಾದ. ಆಮೇಲೆ ಪಕ್ಷ ಅದಲುಬದಲು, ಮತ್ತೆ ತಲಾ 3 ನಿಮಿಷ. ಕೊನೆಗೆ ಪಕ್ಷ ಬಿಟ್ಟು, ಇಬ್ಬರೂ ಒಪ್ಪಬಹುದಾದ ಒಂದು ಮಾತನ್ನು ನಾಲ್ವರೂ ಸೇರಿ ಬರೆಯಲು 8. ಕನ್ನಡದ ಮಗು ತಂಜಾವೂರಿನ ಪರ, ತಮಿಳಿನ ಮಗು ಮಂಡ್ಯದ ಪರ ಮಾತಾಡುವುದು ಅನಿವಾರ್ಯವಾಗುವುದರಿಂದ ಯಾರೂ ಮನೆಯ ಗುರುತಿನಿಂದ ಸಿಕ್ಕಿಬೀಳುವುದಿಲ್ಲ.

ಕೈಗೆ ಕೊಡುವ ಹಾಳೆಯಲ್ಲಿ ದಾಖಲೆಯ ಅಂಶಗಳಷ್ಟೇ ಇರಲಿ: 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪು. ಅದರ ಪ್ರಕಾರ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಅಡಿ, ಕರ್ನಾಟಕಕ್ಕೆ ನ್ಯಾಯಮಂಡಳಿ ಕೊಟ್ಟದ್ದಕ್ಕಿಂತ ಹೆಚ್ಚುವರಿ 14.75, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ.

ಜಾತಿ, ಮೀಸಲಾತಿ ವಿಷಯಕ್ಕೆ ಪಕ್ಷ ಹಂಚುವ ಈ ಕ್ರಮ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಮನುಷ್ಯರ ಘನತೆಗೆ ಎರಡು ಪಕ್ಷಗಳಿವೆ ಎನಿಸುವಂತೆ ಆಗಬಾರದು. ಅಲ್ಲಿ ಸಂವಿಧಾನದ 15 (ತಾರತಮ್ಯ ನಿಷೇಧ) ಮತ್ತು 17ನೇ (ಅಸ್ಪೃಶ್ಯತೆ ನಿಷೇಧ) ವಿಧಿಗಳ ಪಠ್ಯ ಕೊಟ್ಟು, ‘ಈ ಸಂದರ್ಭದಲ್ಲಿ ಯಾವ ವಿಧಿ ಅನ್ವಯಿಸುತ್ತದೆ, ಯಾಕೆ?’ ಎಂದು ಕಲ್ಪಿತ ಪ್ರಸಂಗಗಳ ಮೇಲೆ ಚರ್ಚಿಸಲಿ. ಮಗುವಿನ ಸ್ವಂತ ಅನುಭವವನ್ನು ಎಲ್ಲರೆದುರು ಕೇಳಬೇಡಿ. ತಾನಾಗಿ ಹೇಳಿದರೆ ಗೌರವದಿಂದ ಕೇಳಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ, ಓದಿನಲ್ಲಿ ಮುಂದಿದ್ದಾಳೆ. ಶಾಲೆಯಲ್ಲಿ ಯಾವಾಗಲೂ ಗುಂಪು ಚರ್ಚೆ, ಇವಳೇ ಎಲ್ಲರಿಗೂ ಹೇಳಿಕೊಡಬೇಕಂತೆ. ಪೋರ್ಷನ್ ಮುಗಿಯುವುದು ಹೇಗೆ?
– ಪೋಷಕರು, ಜಯನಗರ

ಉತ್ತರ: ಹೇಳಿಕೊಡುವುದರಿಂದ ಅವಳಿಗೆ ನಷ್ಟವಿಲ್ಲ. ಗುಂಪಿನಲ್ಲಿ ಕಾರಣಸಹಿತ ವಿವರಿಸುವವರೇ ಹೆಚ್ಚು ಕಲಿಯುತ್ತಾರೆ, ಬರೀ ಉತ್ತರ ಪಡೆದವರು ಅಷ್ಟು ಕಲಿಯುವುದಿಲ್ಲ ಎಂಬುದನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ನೊರೀನ್ ವೆಬ್ ಅವರ ಅಧ್ಯಯನಗಳು ತೋರಿಸಿವೆ. ಆದರೆ ‘ಯಾವಾಗಲೂ’ ಎಂದು ನೀವು ಬರೆದಿರುವುದು ನಿಜವಾದರೆ ನಿಮ್ಮ ದೂರು ನ್ಯಾಯವಾದದ್ದೇ. ವಿಷಯವೊಂದಕ್ಕೆ ಐದಾರು ಪೀರಿಯಡ್‌ಗೆ ಒಂದು ಪೂರ್ಣ ಚರ್ಚೆ ಸಾಕು. ವ್ಯಾಖ್ಯೆ, ಇಸವಿ, ಸೂತ್ರದ ಮೊದಲ ಪರಿಚಯ ಇವನ್ನು ಶಿಕ್ಷಕರು ನೇರವಾಗಿ ಹೇಳುವುದೇ ಬೇಗ, ಅದೇ ಮೇಲು. ಶಾಲೆಗೆ ಹೋದಾಗ ಎರಡು ಕೇಳಿ: ಚರ್ಚೆಯ ಕೊನೆಗೆ ಪ್ರತಿ ಮಗು ಸ್ವಂತವಾಗಿ ಏನು ಬರೆಯುತ್ತದೆ? ಗುಂಪುಗಳು ಎಷ್ಟು ದಿನಕ್ಕೊಮ್ಮೆ ಬದಲಾಗುತ್ತವೆ? ಮೂರು ನಾಲ್ಕು ವಾರಕ್ಕೂ ಬದಲಾಗದಿದ್ದರೆ ನಿಮ್ಮ ಮಗಳು ಕೂಲಿಯಿಲ್ಲದ ಸಹಾಯಕ ಶಿಕ್ಷಕಿಯಾಗಿರುವ ಸಾಧ್ಯತೆ ಇದೆ, ಅದನ್ನು ಬದಲಿಸಲು ಕೇಳಿಕೊಳ್ಳಿ.

ಪ್ರಶ್ನೆ: ಒಂದರಿಂದ ಮೂರನೇ ತರಗತಿಯ ಮಕ್ಕಳು ಚರ್ಚೆ ಮಾಡಬಲ್ಲರೇ?
– ಡಿ.ಎಲ್.ಎಡ್. ವಿದ್ಯಾರ್ಥಿನಿ, ಯಲಹಂಕ

ಉತ್ತರ: ಜೋಡಿಯಲ್ಲಿ ಮಾಡಬಲ್ಲರು, ನಾಲ್ವರಲ್ಲಿ ಕಷ್ಟ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿಕಲಿಯಲ್ಲಿ ಮಕ್ಕಳು ತಟ್ಟೆಗಳ ಸುತ್ತ ಗುಂಪಾಗಿ ಕೂರುತ್ತಾರೆ ನಿಜ. ಆದರೆ ಅಲ್ಲಿ ಹೆಚ್ಚಾಗಿ ಪ್ರತಿ ಮಗು ತನ್ನ ಕಾರ್ಡಿನ ಕೆಲಸ ಮಾಡುತ್ತದೆ, ಗೆಳೆಯರ ನೆರವು ಪಡೆಯುತ್ತದೆ. ಅದು ಬೇರೆ ಬಗೆಯದು. ಚರ್ಚೆಗೆ ಕೈಯಲ್ಲಿ ಹಿಡಿಯುವ ವಸ್ತು ಕೊಡಿ. ಹುರುಳಿ, ಹೆಸರು, ಕಡಲೆ, ಅಲಸಂದೆ, ಅವರೆ ಕಾಳು ಬೆರೆಸಿ ಒಂದು ಹಿಡಿ ಕೊಟ್ಟು ‘ಎರಡು ಗುಂಪು ಮಾಡಿ, ಯಾಕೆ ಹಾಗೆ ಮಾಡಿದಿರಿ ಹೇಳಿ’ ಎಂದರೆ ಎರಡು ನಿಮಿಷ ಚೆನ್ನಾಗಿ ಮಾತಾಡುತ್ತಾರೆ. ಮಾತಾಡುವ ಮಗುವಿನ ಕೈಗೆ ಒಂದು ಬಳಪ ಕೊಡಿ, ಬಳಪ ಇಲ್ಲದವರು ಕೇಳಬೇಕು. ಈ ವಯಸ್ಸಿನವರು ಕೇಳಿಸಿಕೊಂಡಿದ್ದಾರೆಯೇ ಎಂದು ನೋಡಲು, ‘ನೀನು ಏನು ಹೇಳಿದೆ?’ ಎನ್ನುವ ಬದಲು ‘ನಿನ್ನ ಜೊತೆಗಾರ ಏನು ಹೇಳಿದ?’ ಎಂದು ಕೇಳಿ.

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜಿನ ಪ್ಲೇಸ್‌ಮೆಂಟ್ ಜಿಡಿಗೆ (ಕೆಲಸಕ್ಕೆ ಆರಿಸಲು ನಡೆಸುವ ಗುಂಪು ಚರ್ಚೆಗೆ) ತಯಾರಾಗಲು ತರಗತಿಯ ಚರ್ಚೆಗಳು ಸಾಕೇ?
– ವಿದ್ಯಾರ್ಥಿ, ಕೆಂಗೇರಿ

ಉತ್ತರ: ಸಾಲುವುದಿಲ್ಲ, ಎರಡರ ಗುರಿ ಬೇರೆ. ಪ್ಲೇಸ್‌ಮೆಂಟ್ ಜಿಡಿಯಲ್ಲಿ ಸಾಮಾನ್ಯವಾಗಿ ಎಂಟು ಹತ್ತು ಮಂದಿ ಇರುತ್ತಾರೆ, ಹೊತ್ತು ಕಾಲು ಗಂಟೆಯ ಆಸುಪಾಸು, ಯಾರನ್ನು ಆರಿಸಬೇಕೆಂದು ಹೊರಗಿನವರು ನೋಡುತ್ತಿರುತ್ತಾರೆ. ಹತ್ತು ಮಂದಿಗೆ ಕಾಲು ಗಂಟೆಯನ್ನು ಹಂಚಿದರೆ ಒಬ್ಬರಿಗೆ ಒಂದೂವರೆ ನಿಮಿಷ. ಅದಕ್ಕಾಗಿ ಒಂದು ಅಂಶವನ್ನು 20–30 ಸೆಕೆಂಡಿನಲ್ಲಿ ಕಾರಣ, ಉದಾಹರಣೆ ಸಮೇತ ಮುಗಿಸುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಅಭ್ಯಾಸ ಮಾಡಿ. ಬೇರೆಯವರು ಹೇಳಿದ್ದನ್ನು ಅವರ ಹೆಸರು ಹಿಡಿದು ಮುಂದುವರಿಸುವುದನ್ನು ಮಾತ್ರ ನೀವು ತರಗತಿಯ ಚರ್ಚೆಯಲ್ಲೇ ಚೆನ್ನಾಗಿ ಕಲಿಯಬಹುದು.